ಬಾಡಿ ಕಾಂಪೊಸಿಷನ್ ಸ್ಕೇಲ್: ವರ್ಷಗಟ್ಟಲೆ ಬಳಸಿದ ಮೇಲೆ ಅನಿಸಿದ್ದು

ದೊಡ್ಡ ಕಾಯಿಲೆಯಿಂದ ಎದ್ದ ಮೇಲೆ ಅಮ್ಮನ ತೂಕ ಬೇಗ ವಾಪಸ್ ಬಂತು. ಎಲ್ಲರಿಗೂ ಸಮಾಧಾನ. ಆದರೆ ಕುರ್ಚಿಯಿಂದ ಏಳಲು ಇನ್ನೂ ಎರಡೂ ಕೈ ಊರಬೇಕಿತ್ತು. "ತೂಕ ಬಂದಿದೆ ಸರಿ, ಮಾಂಸಖಂಡ ಬಂದಿದೆಯಾ ನೋಡಿ" ಅಂದರು ಡಯಟೀಷಿಯನ್. ತೂಕದ ಜೊತೆಗೆ ಮೈಯ ಕೊಬ್ಬು, ಮಾಂಸಖಂಡದ ಅಂದಾಜನ್ನೂ ಹೇಳುವ, ಕಾಲಿಗೂ ಕೈಗೂ ಲೋಹದ ಪಟ್ಟಿ ಇರುವ ಈ ಸ್ಕೇಲ್ ತಂದದ್ದು ಆಗ.

ಇದರಿಂದ ನಿಜವಾಗಿ ಉಪಯೋಗ ಆಯಿತು. ಪ್ರೋಟೀನ್ ಹೆಚ್ಚಿಸಿ, ದಿನಾ ವ್ಯಾಯಾಮ ಶುರು ಮಾಡಿದ ಮೇಲೆ ತಿಂಗಳುಗಟ್ಟಲೆ ತೂಕ ಅಲುಗಲಿಲ್ಲ. ಬರೀ ತೂಕ ನೋಡಿದ್ದರೆ ಏನೂ ಆಗುತ್ತಿಲ್ಲ ಅಂತ ಬಿಟ್ಟುಬಿಡುತ್ತಿದ್ದರೇನೋ. ಸ್ಕೇಲ್‌ನ ಮೊಬೈಲ್ ಆ್ಯಪ್‌ನಲ್ಲಿ ಕೊಬ್ಬಿನ ಗೆರೆ ಇಳಿಯುತ್ತಿತ್ತು, ಲೀನ್ ಮಾಸ್ (ಕೊಬ್ಬು ಬಿಟ್ಟು ಉಳಿದ ಮೈಯ ತೂಕ) ಗೆರೆ ನಿಧಾನವಾಗಿ ಏರುತ್ತಿತ್ತು. ಬಿಎಂಐ ಇದನ್ನು ತೋರಿಸುವುದೇ ಇಲ್ಲ, ಅದು ಎತ್ತರ ಮತ್ತು ತೂಕದ ಲೆಕ್ಕ ಅಷ್ಟೇ ಅಲ್ವಾ?

ಆದರೆ ಸ್ಕೇಲ್ ಏನನ್ನು ಅಳೆಯುತ್ತದೆ ಅಂತ ಗೊತ್ತಿರಬೇಕು. ಮೈಯೊಳಗೆ ತೀರಾ ಸಣ್ಣ ಕರೆಂಟ್ ಹರಿಸುತ್ತದೆ, ಸಾಮಾನ್ಯವಾಗಿ 50 ಕಿಲೋಹರ್ಟ್ಜ್‌ನದ್ದು. ಮಾಂಸಖಂಡದಲ್ಲಿ ನೀರು ಜಾಸ್ತಿ, ಕರೆಂಟ್ ಸಲೀಸಾಗಿ ಹೋಗುತ್ತದೆ. ಕೊಬ್ಬು ತಡೆಯುತ್ತದೆ. ಯಂತ್ರಕ್ಕೆ ಸಿಗುವುದು ತೂಕ ಮತ್ತು ಆ ತಡೆ, ಎರಡೇ. ಉಳಿದದ್ದೆಲ್ಲ ಎತ್ತರ, ವಯಸ್ಸು, ಗಂಡೋ ಹೆಣ್ಣೋ ಅನ್ನುವುದನ್ನು ಸೇರಿಸಿ ಹಾಕುವ ಲೆಕ್ಕ. ಕೊಬ್ಬು ಬಿಟ್ಟು ಉಳಿದ ಮೈಯಲ್ಲಿ ಸುಮಾರು 73% ನೀರು ಇದೆ ಅಂತ ಹಿಡಿದುಕೊಂಡೇ ಈ ಲೆಕ್ಕ ನಡೆಯುತ್ತದೆ.

ನೀರು ಏರುಪೇರಾದರೆ ಲೆಕ್ಕ ತಪ್ಪಿತು ಅಂತಲೇ. ಒಮ್ಮೆ ಅಮ್ಮನ ಕಾಲು ಊದಿಕೊಂಡಿತ್ತು. ಹರಡಿನ ಹತ್ತಿರ ಬೆರಳಿಂದ ಒತ್ತಿದರೆ ಗುಂಡಿ ಹಾಗೇ ನಿಲ್ಲುತ್ತಿತ್ತು. ಅದೇ ವಾರ ಆ್ಯಪ್ ಲೀನ್ ಮಾಸ್ ಏರಿದೆ ಅಂತ ಹಸಿರು ಗುರುತು ತೋರಿಸಿತು. ಏರಿದ್ದು ನೀರು, ಮಾಂಸಖಂಡ ಅಲ್ಲ. ಪೋಷಣೆ ತೀರಾ ಕಡಿಮೆ ಆದವರಲ್ಲಿ ಊತ ಬರುವುದು ಅಪರೂಪವೇನಲ್ಲ. ಹಾಗಾಗಿ ಈ ಯಂತ್ರ ಯಾರಿಗೆ ಹೆಚ್ಚು ಬೇಕೋ ಅವರಲ್ಲೇ ಮೋಸ ಹೋಗಬಹುದು. ನನಗೆ ಇದು ಎಲ್ಲಕ್ಕಿಂತ ದೊಡ್ಡ ಕೊರತೆ.

ಆದ್ದರಿಂದ ಜೊತೆಗೆ ಟೇಪು, ಕುರ್ಚಿ ಎರಡೂ ಇರಲಿ. ಮೀನಖಂಡದ ಅತಿ ದಪ್ಪ ಭಾಗದ ಸುತ್ತಳತೆ ಗಂಡಸರಲ್ಲಿ 34 ಸೆಂಟಿಮೀಟರ್, ಹೆಂಗಸರಲ್ಲಿ 33 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಮಾಂಸಖಂಡ ಕರಗಿದೆಯಾ ಅಂತ ಮುಂದಿನ ಪರೀಕ್ಷೆ ಬೇಕು ಅನ್ನುತ್ತದೆ ಏಷ್ಯಾದ ತಜ್ಞರ 2019ರ ಮಾರ್ಗಸೂಚಿ. ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೂ ಹಾಗೆಯೇ. ಊತ ಇದ್ದರೆ ಟೇಪೂ ಸುಳ್ಳು ಹೇಳುತ್ತದೆ, ಕುರ್ಚಿ ಹೇಳುವುದಿಲ್ಲ. ಪ್ರಯತ್ನ ಮಾಡದೆಯೇ ಆರು ತಿಂಗಳಲ್ಲಿ ತೂಕ 5%ಗಿಂತ ಹೆಚ್ಚು ಇಳಿದರೆ ಸ್ಕೇಲ್ ಏನೇ ಹೇಳಲಿ, ಡಾಕ್ಟರ ಹತ್ತಿರ ಹೋಗಿ.

ಆ್ಯಪ್ ಬಗ್ಗೆ ನನಗೆ ಸಿಟ್ಟಿದೆ. ಒಂದು ಅಪ್‌ಡೇಟ್ ಆದ ಮಾರನೇ ದಿನ ಮನೆಯವರೆಲ್ಲರ ಕೊಬ್ಬಿನ ಅಂಕಿ ಒಟ್ಟಿಗೆ ಜಿಗಿಯಿತು. ಲೆಕ್ಕದ ಸೂತ್ರ ಬದಲಾಗಿದೆಯಾ ಅಂತ ಕಂಪನಿಗೆ ಬರೆದೆ, ಉತ್ತರವೇ ಇಲ್ಲ. ಹಳೆಯ ಅಂಕಿಗೂ ಹೊಸದಕ್ಕೂ ಹೋಲಿಕೆ ಮಾಡುವ ಹಾಗೇ ಇಲ್ಲ. ಆಗಿನಿಂದ ಎಲ್ಲವನ್ನೂ ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದೇನೆ. ದೇಹದ ವಯಸ್ಸು ಇಷ್ಟು ಅಂತ ತೋರಿಸುವ ಅಂಕಿಯನ್ನು ನಾವು ನೋಡುವುದೇ ಇಲ್ಲ.

ಡೆಕ್ಸಾ ಸ್ಕ್ಯಾನ್ ಮಾಡಿಸಿದಾಗ ಅಮ್ಮನ ಕೊಬ್ಬು ಸ್ಕೇಲ್ ಹೇಳಿದ್ದಕ್ಕಿಂತ ಜಾಸ್ತಿಯೇ ಇತ್ತು. ಡೆಕ್ಸಾ ಎರಡು ಶಕ್ತಿಯ ಎಕ್ಸ್-ರೇ ಬಳಸಿ ಮೂಳೆ, ಕೊಬ್ಬು, ಉಳಿದದ್ದು ಅಂತ ಬೇರೆ ಮಾಡುತ್ತದೆ. ಹಾಗಾಗಿ ಖಚಿತ ಅಂಕಿ ಬೇಕಾದರೆ ಅಲ್ಲಿಗೇ ಹೋಗಬೇಕು. ತಿಂಗಳಿಂದ ತಿಂಗಳಿಗೆ ಯಾವ ಕಡೆ ಹೊರಟಿದ್ದೇವೆ ಅಂತ ತಿಳಿಯಲು ಮನೆಯ ಸ್ಕೇಲ್ ಸಾಕು. ಬೆಳಗ್ಗೆ ಎದ್ದು, ಶೌಚ ಮುಗಿಸಿ, ಏನೂ ತಿನ್ನುವ ಮೊದಲು ನಿಲ್ಲಬೇಕು. ಒಂದು ದಿನದ ಅಂಕಿಗೆ ಬೆಲೆ ಕೊಡದೆ ವಾರದ ಸರಾಸರಿ ನೋಡಬೇಕು.

ಕೊಳ್ಳುವುದಾದರೆ ಕೈಹಿಡಿ ಇರುವುದನ್ನೇ ಕೊಳ್ಳಿ. ಬರೀ ಪಾದದ ಪಟ್ಟಿ ಇದ್ದರೆ ಕರೆಂಟ್ ಹೆಚ್ಚಾಗಿ ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತದೆ, ಮೇಲಿನ ಭಾಗ ಬಹುತೇಕ ಅಂದಾಜು. ಪೇಸ್‌ಮೇಕರ್ ಇರುವವರು ಮಾತ್ರ ಇದರ ಮೇಲೆ ನಿಲ್ಲಲೇಬಾರದು.