ವೈಜಾಗಿನ ಕುರ್ಸುರಾ ಸಬ್‌ಮರೀನ್ ಮ್ಯೂಸಿಯಂ: ಹತ್ತು ನಿಮಿಷದಲ್ಲಿ ನೋಡಿ ಬರೋ ಜಾಗ ಅಲ್ಲ ಇದು

ವೈಜಾಗ್‌ಗೆ ಹೋದವರಲ್ಲಿ ಮುಕ್ಕಾಲು ಪಾಲು ಜನ ಆರ್‌ಕೆ ಬೀಚಲ್ಲಿ ಈ ಸಬ್‌ಮರೀನ್ ಮುಂದೆ ನಿಂತು ಫೋಟೋ ತೆಗೆಸ್ಕೊಂಡು, ಈ ಬಾಗಿಲಲ್ಲಿ ಒಳಗೆ ಹೋಗಿ ಆ ಬಾಗಿಲಲ್ಲಿ ಹೊರಗೆ ಬಂದ್ಬಿಡ್ತಾರೆ. ನಾಲ್ಕು ವರ್ಷದ ಹಿಂದೆ ನಾನೂ ಹಾಗೇ ಮಾಡಿದ್ದೆ, ಟೂರ್ ಬಸ್ಸಲ್ಲಿ ಬಂದಿದ್ವಿ, ಡ್ರೈವರ್ ಇಪ್ಪತ್ತೇ ನಿಮಿಷ ಕೊಟ್ಟಿದ್ದ, ಏನೂ ತಲೆಗೆ ಹೋಗ್ಲಿಲ್ಲ. ಆಮೇಲೆ ಪಾಕಿಸ್ತಾನದ ಜೊತೆಗಿನ 1971ರ ಯುದ್ಧದ ಬಗ್ಗೆ ಓದ್ತಾ ಓದ್ತಾ, ಅಯ್ಯೋ ಅಲ್ಲಿ ನಿಂತಿರೋದು ಆ ಯುದ್ಧಕ್ಕೆ ಹೋಗಿ ಬಂದಿರೋ ಹಡಗೇ ಅಲ್ವಾ ಅಂತ ಹೊಟ್ಟೆ ಉರೀತು. ಈ ಸಲ ಅಪ್ಪನ್ನ ಕರ್ಕೊಂಡು ಇದಕ್ಕೇ ಅಂತ ಹೋಗಿ ಬಂದೆ.

ಮೊದಲು ಹೊರಗಿಂದ ನೋಡಿ, ಅವಸರ ಮಾಡ್ಬೇಡಿ. ಉದ್ದ 91 ಮೀಟರ್, ಕಾಂಕ್ರೀಟ್ ಪಾಯದ ಮೇಲೆ ಕೂತಿದೆ, ಬೆನ್ನ ಹಿಂದೆ ಸಮುದ್ರ. ಆಗಿನ ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ್ದು, 1969ರ ಡಿಸೆಂಬರಲ್ಲಿ ನಮ್ಮ ನೌಕಾಪಡೆಗೆ ಸೇರ್ತು, 2001ರ ಫೆಬ್ರವರಿಲಿ ರಿಟೈರ್ ಆಯ್ತು. 31 ವರ್ಷದ ಸರ್ವಿಸಲ್ಲಿ 73,500 ನಾಟಿಕಲ್ ಮೈಲಿ ಓಡಿದೆ. ಆಮೇಲೆ ಇದನ್ನ ದಡಕ್ಕೆ ಎಳೆದು ತಂದು 2002ರ ಆಗಸ್ಟಲ್ಲಿ ಮ್ಯೂಸಿಯಂ ಮಾಡಿದ್ರು.

ಒಳಗೆ ಹೋದ ಕೂಡ್ಲೇ ಟಾರ್ಪಿಡೋ ರೂಮು, ಟಾರ್ಪಿಡೋ ಅಂದ್ರೆ ನೀರೊಳಗೇ ಓಡಿ ಹಡಗಿಗೆ ಹೊಡೆಯೋ ಆಯುಧ. ಅದನ್ನ ಹಾರಿಸೋಕೆ ಮುಂದೆ ಆರು ಟ್ಯೂಬು, ಬಾಲದ ಕಡೆ ಇನ್ನೂ ನಾಲ್ಕು, ಒಟ್ಟು 22 ಟಾರ್ಪಿಡೋ ಹೊರ್ತಿತ್ತಂತೆ. ಆ ಟಾರ್ಪಿಡೋಗಳ ಪಕ್ಕದಲ್ಲೇ ನಾವಿಕರು ಮಲಗೋ ಬಂಕು. ನಾನು ಬಂಕಿನ ಮೇಲೆ ಮೊಣಕೈ ಊರಿ ಕೈ ಮೇಲಕ್ಕೆತ್ತಿ ನೋಡಿದೆ, ಬೆರಳು ಪೂರ್ತಿ ಬಿಚ್ಚೋಕೂ ಮುಂಚೆ ಮೇಲಿನ ಪೈಪಿಗೆ ತಾಗ್ತು. ಅಷ್ಟೇ ಜಾಗ. ಮಗ್ಗುಲು ಬದಲಾಯಿಸ್ಬೇಕು ಅಂದ್ರೆ ಭುಜ ತಗುಲುತ್ತೆ. 75 ಜನ ವಾರಗಟ್ಟಲೆ ಹೀಗೇ ಇರ್ತಿದ್ರು, ಒಬ್ಬರು ಡ್ಯೂಟಿಗೆ ಎದ್ರೆ ಆ ಹಾಸಿಗೆಗೆ ಇನ್ನೊಬ್ರು. ಸ್ನಾನ ಅನ್ನೋದು ಬಿಟ್ಬಿಡಿ, ನೀರು ಕುಡಿಯೋಕೆ ಅಡುಗೆಗೆ ಸಾಕಾದ್ರೆ ಸಾಕು.

ಅಡುಗೆ ಮನೆ ನೋಡಿದ್ರೆ ಕಣ್ಣಲ್ಲಿ ನೀರು ಬರುತ್ತೆ, ಒಬ್ಬರು ನಿಂತ್ರೆ ಇನ್ನೊಬ್ರಿಗೆ ಜಾಗ ಇಲ್ಲ. ಕಂಟ್ರೋಲ್ ರೂಮಲ್ಲಿ ಪೆರಿಸ್ಕೋಪು, ವಾಲ್ವು, ಚಕ್ರ, ಗೇಜು, ಗೋಡೆ ಅನ್ನೋದೇ ಕಾಣಲ್ಲ.

ಅಪ್ಪ ಬಸ್ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದವರು, ಎಂಜಿನ್ ರೂಮಿಗೆ ಬಂದ್ಮೇಲೆ ಅಲ್ಲಿಂದ ಕದಲ್ಲಿಲ್ಲ. ಮೂರು ಡೀಸೆಲ್ ಎಂಜಿನ್ನು, ಮಧ್ಯೆ ಒಬ್ಬ ಮನುಷ್ಯ ಅಡ್ಡಡ್ಡ ಹೋಗೋವಷ್ಟು ದಾರಿ. ನಾಲ್ಕೂ ಕಡೆ ತೆರೆದಿರೋ ಶೆಡ್ಡಲ್ಲಿ ಒಂದು ಎಂಜಿನ್ ರೇಸ್ ಮಾಡಿದ್ರೇ ಕಿವಿ ಗುಂಯ್ ಅಂತಿತ್ತು, ಇಲ್ಲಿ ಮುಚ್ಚಿದ ಕಬ್ಬಿಣದ ಕೊಳವೆ ಒಳಗೆ ಮೂರು ಓಡಿದ್ರೆ ಆ ಶಾಖ ಆ ಸದ್ದು ಹೇಗೆ ತಡ್ಕೊಂಡ್ರೋ ಅಂತ ಅಪ್ಪ ಮತ್ತೆ ಮತ್ತೆ ಹೇಳ್ತಿದ್ರು. ಡೀಸೆಲ್ ಉರಿಯೋಕೆ ಗಾಳಿ ಬೇಕು, ಆಳದಲ್ಲಿ ಗಾಳಿ ಎಲ್ಲಿಂದ ಬರ್ಬೇಕು, ಹಾಗಾಗಿ ನೀರೊಳಗೆ ಬ್ಯಾಟರಿ ಮೇಲೆ ಮೋಟಾರು. ಬ್ಯಾಟರಿ ಚಾರ್ಜ್ ಮಾಡೋಕೆ ಮೇಲೆ ಬರ್ಬೇಕು, ಇಲ್ಲಾಂದ್ರೆ ನೀರಿನ ಮೇಲೆ ಒಂದು ಕೊಳವೆ ಎತ್ತಿ ಗಾಳಿ ಎಳ್ಕೋಬೇಕು. ಶತ್ರು ಕಣ್ಣಿಗೆ ಸಿಕ್ಕಿ ಬೀಳೋದು ಆಗಲೇ.

ಗೈಡ್‌ಗಳಾಗಿ ಇರೋವ್ರು ನೌಕಾಪಡೆಯಿಂದ ರಿಟೈರ್ ಆದವ್ರು. ದಯವಿಟ್ಟು ಅವರನ್ನ ಕೇಳಿ, ಸುಮ್ನೆ ದಾಟ್ಕೊಂಡು ಹೋಗ್ಬೇಡಿ. ನಾವು ಕೇಳಿದ್ದಕ್ಕೆ ಒಬ್ರು ಹಿಂದಿ, ತೆಲುಗು, ಇಂಗ್ಲಿಷ್ ಮೂರೂ ಸೇರಿಸಿ ಎಷ್ಟು ಪ್ರೀತಿಯಿಂದ ವಿವರಿಸಿದ್ರು ಅಂದ್ರೆ ಹಿಂದೆ ಬರ್ತಿದ್ದ ಜನಾನೂ ನಿಂತು ಕೇಳಿದ್ರು.

ಯುದ್ಧದ ವಿಷಯ. ಯುದ್ಧ ಶುರುವಾಗಿದ್ದು 1971ರ ಡಿಸೆಂಬರ್ 3ಕ್ಕೆ, ಕುರ್ಸುರಾ ನವೆಂಬರಲ್ಲೇ ಅರಬ್ಬೀ ಸಮುದ್ರದಲ್ಲಿ ಗಸ್ತಿಗೆ ಹೋಗಿತ್ತು. ಶತ್ರು ಯುದ್ಧನೌಕೆ ಅಂತ ಖಾತ್ರಿ ಆಗದೆ ಹೊಡೆಯೋ ಹಾಗಿಲ್ಲ ಅನ್ನೋ ಆರ್ಡರ್ ಇತ್ತು. ಇದು ಯಾವ ಹಡಗನ್ನೂ ಮುಳುಗಿಸ್ಲಿಲ್ಲ. ಅದನ್ನ ಕೇಳಿ ಕೆಲವ್ರು ಓ ಅಷ್ಟೇನಾ ಅಂತಾರೆ, ನಂಗೆ ಅದು ಒಪ್ಪಿಗೆ ಇಲ್ಲ. ಆ ಬಂಕು ಮುಟ್ಟಿ ನೋಡಿದ ಮೇಲೆ, ಸದ್ದು ಮಾಡದೆ, ಬೆಳಕು ನೋಡದೆ, ಹೊಡಿ ಅನ್ನೋ ಮಾತಿಗೆ ಕಾಯ್ತಾ ಇರೋದೇ ಎಂಥಾ ಯುದ್ಧ ಅಂತ ಗೊತ್ತಾಗುತ್ತೆ. ಅದೇ ಡಿಸೆಂಬರ್ 9ಕ್ಕೆ ಪಾಕಿಸ್ತಾನದ ಹಂಗೋರ್ ಸಬ್‌ಮರೀನ್ ದಿಯು ಹತ್ರ ನಮ್ಮ ಯುದ್ಧನೌಕೆ ಖುಕ್ರಿನ ಮುಳುಗಿಸ್ತು, 18 ಆಫೀಸರು 176 ನಾವಿಕರು ಹೋದ್ರು, ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಡದೆ ಅದರ ಜೊತೇನೇ ಮುಳುಗಿದ್ರು. ಆ ಹಂಗೋರ್ ಕೂಡ ಈಗ ಕರಾಚಿಯ ಮ್ಯೂಸಿಯಂನಲ್ಲಿ ಹೀಗೇ ದಡದ ಮೇಲಿದೆ. ಇನ್ನು ನಮ್ಮ ಆಗಿನ ವಿಮಾನವಾಹಕ ಹಡಗು ವಿಕ್ರಾಂತನ್ನ ಹುಡುಕ್ಕೊಂಡು ಬಂದ ಪಾಕಿಸ್ತಾನದ ಸಬ್‌ಮರೀನ್ ಗಾಜಿ ಡಿಸೆಂಬರ್ 3ರ ಮಧ್ಯರಾತ್ರಿ ಹೊತ್ತಿಗೆ ಇದೇ ವೈಜಾಗ್ ಬಂದರಿನ ಹೊರಗೆ ಮುಳುಗ್ತು, ಅದರಲ್ಲಿದ್ದ ಒಬ್ರೂ ಉಳೀಲಿಲ್ಲ, ಇವತ್ತಿಗೂ ಅಲ್ಲೇ ತಳದಲ್ಲಿದೆ. ವಿಕ್ರಾಂತ್ ಕೂಡ ಮುಂಬೈಯಲ್ಲಿ ಕೆಲವು ವರ್ಷ ಮ್ಯೂಸಿಯಂ ಆಗಿತ್ತು, 2014ರಲ್ಲಿ ಗುಜರಿಗೆ ಹೋಯ್ತು. ಅದನ್ನ ನೆನೆಸ್ಕೊಂಡ್ರೆ ಈ ಕುರ್ಸುರಾನ ಉಳಿಸ್ಕೊಂಡಿರೋದಕ್ಕೆ ಕೈ ಮುಗೀಬೇಕು ಅನ್ಸುತ್ತೆ.

ಇನ್ನೊಂದು ಮಾತು, ಕಾರವಾರದಲ್ಲಿ ಮ್ಯೂಸಿಯಂ ಆಗಿರೋ ಚಾಪೆಲ್ ಅನ್ನೋ ಯುದ್ಧನೌಕೆ ಬಗ್ಗೆ, 1971ರಲ್ಲಿ ಅದು ಕರಾಚಿ ಮೇಲೆ ದಾಳಿ ಮಾಡಿದ ಹಡಗು ಅಂತ ತುಂಬಾ ಜನ ಹೇಳ್ತಾರೆ. ಅದು ಸೇವೆಗೆ ಸೇರಿದ್ದೇ 1976ರಲ್ಲಿ. ಡಿಸೆಂಬರ್ 4ರ ರಾತ್ರಿ ಹೋಗಿದ್ದು ಅದೇ ಥರದ ಮಿಸೈಲ್ ಬೋಟುಗಳು, ನಿಪಾತ್, ನಿರ್ಘಾತ್, ವೀರ್. ಚಾಪೆಲ್ ನೋಡಲೇಬೇಕು, ಆ ಬೋಟುಗಳು ಎಷ್ಟು ಚಿಕ್ಕವು ಅಂತ ಗೊತ್ತಾಗೋದು ಅಲ್ಲೇ, ಆದ್ರೆ ಸರಿಯಾಗಿ ತಿಳ್ಕೊಂಡು ನೋಡಿ.

ಹೋಗೋರಿಗೆ: ಸೋಮವಾರ ರಜೆ. ಭಾನುವಾರ ಸಂಜೆ ಬೇಡ, ಹಿಂದಿಂದ ತಳ್ಳಾಟ ಇದ್ರೆ ಎಲ್ಲೂ ನಿಲ್ಲೋಕಾಗಲ್ಲ. ಮೆಟ್ಟಿಲು ಹತ್ತಿ ಇಳೀಬೇಕು, ಅಲ್ಲಲ್ಲಿ ತಲೆ ಬಗ್ಗಿಸ್ಬೇಕು, ಮಂಡಿ ನೋವಿರೋರು, ಮುಚ್ಚಿದ ಜಾಗದಲ್ಲಿ ಉಸಿರು ಕಟ್ಟೋರು ಸ್ವಲ್ಪ ಯೋಚಿಸಿ. ನಮಗೆ ಒಂದೂಕಾಲು ಗಂಟೆ ಹಿಡೀತು. ಹೊರಗೆ ಬಂದ್ಮೇಲೆ ಅಲ್ಲೇ ಬೀಚ್ ರೋಡಲ್ಲಿ ಯುದ್ಧ ಗೆದ್ದಿದ್ದರ ಸ್ಮಾರಕ ಇದೆ, ಅದನ್ನೂ ನೋಡಿ. ಎದುರಿಗಿರೋ ದೊಡ್ಡ ವಿಮಾನದ ಮ್ಯೂಸಿಯಂಗೆ ನಾವು ಹೋಗ್ಲಿಲ್ಲ, ಅಪ್ಪ ಇನ್ನೊಂದು ಸಲ ಎಂಜಿನ್ ರೂಮ್ ನೋಡ್ಬೇಕು ಅಂದ್ರು, ಮತ್ತೆ ಟಿಕೆಟ್ ತಗೊಂಡು ಒಳಗೆ ಹೋದ್ವಿ.