ಝೆನಿತ್ ಸಿಎಚ್ 701 ಕಿಟ್ ವಿಮಾನ: ಬೇಳೆ ಮಿಲ್ಲಿನ ಗೋದಾಮಿನಲ್ಲಿ ಕಟ್ಟಿ, 160 ಗಂಟೆ ಹಾರಿಸಿದ ಮೇಲೆ

ವಿಮಾನ ಕಸರತ್ತು ತೋರಿಸುವ ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದು ಬೀದರಿನ ವಾಯುಪಡೆ ನೆಲೆಯಲ್ಲಿ. ಆ ಊರಿನಲ್ಲಿ ಬೆಳೆದವನಿಗೆ ವಿಮಾನದ ಹುಚ್ಚು ಹಿಡಿಯಲು ಬೇರೆ ಕಾರಣ ಬೇಕಿರಲಿಲ್ಲ. ಮುಂದೆ ಕಲಬುರಗಿಗೆ ಬಂದು ಬೇಳೆ ಮಿಲ್ಲುಗಳ ಯಂತ್ರ ರಿಪೇರಿ ಮಾಡುವ ವರ್ಕ್‌ಶಾಪ್ ಹಾಕಿದೆ. ಹುಚ್ಚು ಮಾತ್ರ ಹೋಗಲಿಲ್ಲ. 2017ರಲ್ಲಿ ಝೆನಿತ್ ಸಿಎಚ್ 701ರ ಕಿಟ್, ಅಂದರೆ ನಾವೇ ಜೋಡಿಸಿಕೊಳ್ಳಬೇಕಾದ ವಿಮಾನದ ಬಿಡಿಭಾಗಗಳನ್ನು, ತರಿಸಿದೆ. ಮುಚ್ಚಿಹೋದ ಮಿಲ್ಲಿನ ಗೋದಾಮೊಂದರಲ್ಲಿ ನಾಲ್ಕು ವರ್ಷ, ಸುಮಾರು 1,400 ಗಂಟೆ ಕೆಲಸ. 2021ರ ಕೊನೆಗೆ ಮೊದಲ ಹಾರಾಟ. ಈಗ ವಿಮಾನ ನಾಲ್ಕು ಬೇಸಿಗೆ ಕಂಡಿದೆ. ಕೊಳ್ಳಬೇಕೇ ಬೇಡವೇ ಎಂದು ಕೇಳುವವರಿಗೆ ನಾನು ಆ ನಾಲ್ಕು ಬೇಸಿಗೆಗಳ ಕಥೆಯನ್ನೇ ಹೇಳುತ್ತೇನೆ. ಅಲ್ಯೂಮಿನಿಯಂ ತಗಡು ಯಾವ ದೇಶದಲ್ಲಿ ಕತ್ತರಿಸಿದರೂ ಒಂದೇ. ಏಪ್ರಿಲ್ ತಿಂಗಳು ಮಾತ್ರ ನಮ್ಮದು.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಎರಡು ಆಸನದ, ಮೇಲುರೆಕ್ಕೆಯ, ಪೂರ್ತಿ ಲೋಹದ ವಿಮಾನ. ರೆಕ್ಕೆಯಗಲ 27 ಅಡಿ. ರೆಕ್ಕೆಯ ಮುಂಚೂಣಿಯಲ್ಲಿ ಅಲುಗದ ಸ್ಲ್ಯಾಟ್‌ಗಳು (ನಡುವೆ ಗಾಳಿಗೆ ಸಂದು ಬಿಡುವ ಕಿರುರೆಕ್ಕೆಗಳು), ಹಿಂದೆ ಉದ್ದಕ್ಕೂ ಫ್ಲಾಪೆರಾನ್‌ಗಳು (ವಿಮಾನವನ್ನು ಎತ್ತಿ ಹಿಡಿಯಲೂ ಪಕ್ಕಕ್ಕೆ ವಾಲಿಸಲೂ ಅಲುಗುವ ಅಂಚುಗಳು). ಅದರಿಂದಾಗಿ ಗಂಟೆಗೆ 50 ಕಿ.ಮೀ. ಆಸುಪಾಸಿನ ವೇಗದಲ್ಲೂ ಕೈಬಿಡದೆ ತೇಲುತ್ತದೆ. ಹಾರಾಟದ ಸಾಮಾನ್ಯ ವೇಗ ಗಂಟೆಗೆ 130 ಕಿ.ಮೀ. ಸುತ್ತಮುತ್ತ. ದೂರದೂರಿಗೆ ಬೇಗ ಹೋಗಬೇಕೆನ್ನುವವರಿಗೆ ಇದು ತಕ್ಕದ್ದಲ್ಲ. ಸಣ್ಣ ಓಡುಪಟ್ಟಿಯಿಂದ ಏರಿ, ಭೀಮೆಯ ತಿರುವುಗಳನ್ನು ಮೇಲಿನಿಂದ ನೋಡುತ್ತ ನಿಧಾನ ಹಾರಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಕಟ್ಟುವ ಕೆಲಸದ ಮುಕ್ಕಾಲು ಭಾಗ ರಿವೆಟ್, ಅಂದರೆ ತಗಡಿಗೆ ತಗಡು ಸೇರಿಸುವ ಮೊಳೆ. ರಿವೆಟ್ ಎಳೆಯುವ ಗನ್ನಿನ ಮೂತಿಯಲ್ಲಿ ಬಟ್ಟಲಿನಂತಹ ಗುಳಿ ಇರುತ್ತದೆ. ಚಪ್ಪಟೆ ತಲೆಯ ರಿವೆಟ್ಟನ್ನು ಎಳೆದಾಗ ಅದರ ತಲೆ ಗುಮ್ಮಟದಂತೆ ದುಂಡಗಾಗಿ ತಗಡಿನ ಮೇಲೆ ಕೂರುತ್ತದೆ. ರಿವೆಟ್ ಹಾಕುವ ಮೊದಲು ತಗಡುಗಳನ್ನು ಹಿಡಿದಿಡುವುದು ಕ್ಲೀಕೊ ಎಂಬ ಸ್ಪ್ರಿಂಗ್ ಪಿನ್‌ಗಳು: ತಾಮ್ರದ ಬಣ್ಣದ್ದು ಒಂದೆಂಟನೇ ಅಂಗುಲದ ತೂತಿಗೆ, ಕಪ್ಪು ಬಣ್ಣದ್ದು ಅದಕ್ಕಿಂತ ಒಂದಳತೆ ದೊಡ್ಡದಕ್ಕೆ. ಡ್ರಿಲ್ ಹೊರಬಂದ ಕಡೆ ತೂತಿನ ಅಂಚು ಚೂಪಾಗಿ ಎದ್ದಿರುತ್ತದೆ. ಅದನ್ನು ತೆಗೆಯದೆ ಎರಡು ತಗಡು ಸೇರಿಸಿದರೆ ನಡುವೆ ಕೂದಲೆಳೆಯಷ್ಟು ಸಂದು ಉಳಿಯುತ್ತದೆ, ಮುಂದೊಂದು ದಿನ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ದೊಡ್ಡ ಅಳತೆಯ ಡ್ರಿಲ್ ಬಿಟ್ಟನ್ನು ಬೆರಳಲ್ಲಿ ಹಿಡಿದು ಒಂದೂವರೆ ಸುತ್ತು ತಿರುಗಿಸುವುದು, ಬಳಿಕ ತೋರುಬೆರಳ ತುದಿಯಿಂದ ಸವರಿ ನೋಡುವುದು. ಸಾವಿರಾರು ತೂತುಗಳಿಗೆ ಇದನ್ನೇ ಮಾಡಿದ್ದೇವೆ. ಅಕ್ಕನ ಮಗ ರಜೆಯಲ್ಲಿ ಬಂದು ಕೂರುತ್ತಿದ್ದ. ಮೂರನೆಯ ದಿನಕ್ಕೇ "ಮಾಮಾ, ಕಣ್ಣು ಮುಚ್ಚಿದರೂ ಗೊತ್ತಾಗುತ್ತದೆ" ಎಂದ. ಅವನ ಬೆರಳು ನನ್ನದಕ್ಕಿಂತ ಚುರುಕಾಗಿತ್ತು.

ಒಂದು ತಪ್ಪು ಮಾಡಿದೆ, ಹೇಳಲೇಬೇಕು. ತೂತಿನ ನಡುವಿನಿಂದ ತಗಡಿನ ಅಂಚಿಗೆ ಕಡೇಪಕ್ಷ ರಿವೆಟ್ಟಿನ ದಪ್ಪದ ಎರಡರಷ್ಟು ಜಾಗ ಇರಬೇಕು. ಎಡರೆಕ್ಕೆಯ ಹಿಂದಿನ ಸ್ಪಾರ್‌ನಲ್ಲಿ (ರೆಕ್ಕೆಯ ಉದ್ದಕ್ಕೂ ಭಾರ ಹೊರುವ ತೊಲೆಯಲ್ಲಿ) ನಾಲ್ಕು ತೂತು ಅಂಚಿಗೆ ಹತ್ತಿರವಾದವು. ತುಂಡು ತಗಡಿಟ್ಟು ಸಂಭಾಳಿಸಬಹುದೆಂದು ಎರಡು ದಿನ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ, ಮೂರನೆಯ ದಿನ ಇಡೀ ಭಾಗವನ್ನೇ ಹೊಸದಾಗಿ ತರಿಸಿದೆ. ಎರಡು ತಿಂಗಳು ಹೋಯಿತು. ಹೋಗಲಿ. ಹೆಂಡತಿಯನ್ನು ಪಕ್ಕದ ಆಸನದಲ್ಲಿ ಕೂರಿಸಿಕೊಳ್ಳುವ ವಿಮಾನ ಅದು.

ಕಾಗದಪತ್ರದ ವಿಷಯ ಚಿಕ್ಕದಾಗಿ: ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ನೋಂದಣಿ, ತಪಾಸಣೆ, ಅನುಮತಿ ಇಲ್ಲದೆ ಏನೂ ಇಲ್ಲ. ಒಂದು ಕಡೆ ಬೀದರಿನ ವಾಯುಪಡೆ ನೆಲೆ, ಇನ್ನೊಂದು ಕಡೆ 2019ರ ನವೆಂಬರಿನಿಂದ ಕಲಬುರಗಿ ವಿಮಾನ ನಿಲ್ದಾಣ. ತೊಗರಿ ಹೊಲದಿಂದ ನೇರ ಏರಿಬಿಡುವ ಕನಸು ಯಾರೂ ಇಟ್ಟುಕೊಳ್ಳಬೇಡಿ. ನಾನು ರೆಕ್ಕೆ ಬಿಚ್ಚಿ ಲಾರಿಯಲ್ಲಿ ಹೇರಿಕೊಂಡು ಜಿಲ್ಲೆಯಾಚೆಯ ಅನುಮತಿ ಇರುವ ಓಡುಪಟ್ಟಿಗೆ ಒಯ್ದೆ. ವಿಮಾನ ಈಗಲೂ ಅಲ್ಲೇ ಇದೆ.

ಇನ್ನು ಬೇಸಿಗೆ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ಬಿಸಿಲು 42 ಡಿಗ್ರಿಗೆ ಏರಿದಾಗ ಗಾಳಿ ಎಷ್ಟು ತೆಳುವಾಗುತ್ತದೆಂದರೆ, ರೆಕ್ಕೆಗೂ ಪ್ರೊಪೆಲ್ಲರಿಗೂ ತಾವು 5,000 ಅಡಿ ಎತ್ತರದ ಬೆಟ್ಟದ ಮೇಲಿದ್ದಂತೆ. ಏರಲು ಉದ್ದ ಓಟ ಬೇಕು, ಎಂಜಿನ್ನಿಗೆ ಬಲ ಕಡಿಮೆ, ತಂಪು ಅದಕ್ಕಿಂತ ಕಡಿಮೆ. ನನ್ನದು 100 ಅಶ್ವಶಕ್ತಿಯ ರೋಟ್ಯಾಕ್ಸ್ 912 ಯುಎಲ್‌ಎಸ್: ಸಿಲಿಂಡರ್ ತಲೆಗಳಿಗೆ ನೀರಿನ ತಂಪು, ಸಿಲಿಂಡರಿನ ಮೈಗೆ ಗಾಳಿಯ ತಂಪು. ಆಯಿಲ್ ಬಿಸಿ 90ರಿಂದ 110 ಡಿಗ್ರಿಯೊಳಗೆ ಇದ್ದರೆ ಚೆನ್ನ; 130 ದಾಟಕೂಡದು. 2022ರ ಏಪ್ರಿಲಿನಲ್ಲಿ ಏರುವಾಗ ಮುಳ್ಳು 124 ತೋರಿಸಿತು. ಮೂತಿ ಇಳಿಸಿ, ವೇಗ ಹೆಚ್ಚಿಸಿ, ಒಂದು ಸುತ್ತು ಹಾಕಿ ಇಳಿದೆ.

ಮೊದಲು ಹೊಳೆದದ್ದು ದೊಡ್ಡ ಕೂಲರ್ ಹಾಕುವುದು. ಆಗ ನೆನಪಿಗೆ ಬಂದದ್ದು ನನಗೆ ಕೆಲಸ ಕಲಿಸಿದ ಉಸ್ತಾದರ ಮಾತು. ಮಿಲ್ಲಿನ ಬ್ಲೋವರ್ ಹೊಟ್ಟು ಎಳೆಯದಿದ್ದರೆ ಅವರು ಫ್ಯಾನ್ ಮುಟ್ಟುತ್ತಿರಲಿಲ್ಲ, "ಮೊದಲು ಸಂದು ಹುಡುಕು" ಎನ್ನುತ್ತಿದ್ದರು. ಗಾಳಿ ಸುಲಭದ ದಾರಿ ಹಿಡಿಯುತ್ತದೆ. ಕೌಲಿಂಗ್, ಅಂದರೆ ಎಂಜಿನ್ನಿನ ಹೊರಕವಚ, ತೆಗೆದು ನೋಡಿದರೆ ರೇಡಿಯೇಟರಿನ ಸುತ್ತ ಬೆರಳು ತೂರುವಷ್ಟು ಜಾಗ. ಒಳಬಂದ ಗಾಳಿ ರೇಡಿಯೇಟರಿನ ಜಾಲರಿಯೊಳಗೆ ನುಗ್ಗುವ ಬದಲು ಪಕ್ಕದಿಂದ ಜಾರಿ ಹೋಗುತ್ತಿತ್ತು. ಸುತ್ತಲೂ ರಬ್ಬರ್ ಪಟ್ಟಿ ಕೂರಿಸಿದೆ. ಕೌಲಿಂಗಿನ ಕೆಳಬಾಯಿಗೆ ಹೊರಕ್ಕೆ ಬಾಗಿದ ತುಟಿಯಂತಹ ತಗಡು ಸೇರಿಸಿದೆ. ಹೊರಗಿನ ಗಾಳಿ ಅದರ ಮೇಲೆ ಹರಿಯುವಾಗ ಒಳಗಿನ ಬಿಸಿಗಾಳಿಯನ್ನು ಎಳೆದುಕೊಳ್ಳುತ್ತದೆ. ಮರುವರ್ಷ ಅದೇ ತಿಂಗಳು, ಅದೇ ಬಿಸಿಲು, 110 ದಾಟಲಿಲ್ಲ. ಕೂಲರ್ ಕಿಟ್ಟಿನೊಂದಿಗೆ ಬಂದದ್ದೇ ಇದೆ.

ಎರಡನೆಯ ಕಾಟ ಪೆಟ್ರೋಲಿನದು. ಹಾರಿ ಬಂದು ಕಾಲು ಗಂಟೆ ನಿಲ್ಲಿಸಿದರೆ ಎಂಜಿನ್ನಿನ ಬಿಸಿಗೆ ಕೊಳವೆಯಲ್ಲೇ ಪೆಟ್ರೋಲ್ ಆವಿಯಾಗುತ್ತಿತ್ತು. ಮತ್ತೆ ಶುರು ಮಾಡಿದಾಗ ಎಂಜಿನ್ ಮುಗ್ಗರಿಸುತ್ತಿತ್ತು. ಕೊಳವೆಯನ್ನು ಎಕ್ಸಾಸ್ಟಿನ ಪಕ್ಕದಲ್ಲೇ ಹಾಯಿಸಿದ್ದು ನನ್ನದೇ ತಪ್ಪು. ದೂರ ಸರಿಸಿ, ಬೆಂಕಿ ತಡೆಯುವ ಹೊದಿಕೆ ತೊಡಿಸಿ, ಆವಿ ಟ್ಯಾಂಕಿಗೆ ಮರಳುವಂತೆ ಸಣ್ಣ ತೂತಿನ ಮೂತಿ ಇರುವ ಮರುದಾರಿ ಹಾಕಿದೆ. ಮುಕ್ಕಾಲು ಪಾಲು ಗುಣವಾಯಿತು.

ಅಷ್ಟರಲ್ಲಿ ಎಥನಾಲ್ ಬಂತು. ಅಫಜಲಪುರ, ಆಳಂದದ ಕಬ್ಬು ಬೆಳೆಗಾರರಿಗೆ ಅದು ಒಳ್ಳೆಯದೇ, ನಾನು ದೂರುವುದಿಲ್ಲ. ಆದರೆ ಪೆಟ್ರೋಲಿನಲ್ಲಿ ಶೇ 20 ಬೆರೆಸುವ ಗುರಿಯನ್ನು ದೇಶ 2025ರಲ್ಲೇ ಮುಟ್ಟಿತು. ಈ ಎಂಜಿನ್ನಿಗೆ ತಯಾರಕರು ಒಪ್ಪುವುದು ಶೇ 10ರವರೆಗೆ ಮಾತ್ರ. ಗೆರೆ ಇರುವ ಗಾಜಿನ ಅಳತೆ ಕೊಳವೆಯಲ್ಲಿ 10 ಮಿಲಿ ನೀರು, ಅದರ ಮೇಲೆ 100 ಮಿಲಿ ಪೆಟ್ರೋಲ್ ಹಾಕಿ ಕುಲುಕಿ, ಹತ್ತು ನಿಮಿಷ ನಿಲ್ಲಿಸಿ. ಎಥನಾಲ್ ನೀರಿನ ಕಡೆ ಹೋಗುತ್ತದೆ. ಕೆಳಗಿನ ಪದರ 10ರ ಗೆರೆಯಿಂದ 30ರ ಹತ್ತಿರಕ್ಕೆ ಏರಿದ್ದನ್ನು ಕಣ್ಣಾರೆ ನೋಡಿದ ದಿನವೇ ಬಂಕಿನ ಪೆಟ್ರೋಲ್ ಬಿಟ್ಟೆ. ಈಗ ಬಳಸುವುದು ವಿಮಾನದ ಪೆಟ್ರೋಲ್, ಆವ್‌ಗ್ಯಾಸ್ 100 ಎಲ್‌ಎಲ್. 2022ರಿಂದ ಇಂಡಿಯನ್ ಆಯಿಲ್ ಇದನ್ನು ದೇಶದಲ್ಲೇ ತಯಾರಿಸುತ್ತಿದೆ. ದುಬಾರಿ. ಆದರೆ ಅಷ್ಟು ಬೇಗ ಆವಿಯಾಗುವುದಿಲ್ಲ, ಹಾಗಾಗಿ ಉಳಿದ ಕಾಲುಪಾಲು ಮುಗ್ಗರಿಕೆಯೂ ನಿಂತಿತು. ಅದರಲ್ಲಿರುವ ಸೀಸದ ಕೆಸರು ಆಯಿಲಿನಲ್ಲಿ ಕೂಡುತ್ತದೆ, ಆದ್ದರಿಂದ 25 ಗಂಟೆಗೊಮ್ಮೆ ಆಯಿಲ್ ಬದಲಿಸುತ್ತೇನೆ. ಪ್ರತಿಸಲ ಫಿಲ್ಟರ್ ಕತ್ತರಿಸಿ, ಮಡಿಕೆ ಬಿಡಿಸಿ, ಬೆಳಕಿಗೆ ಹಿಡಿದು ಲೋಹದ ಚೂರು ಹುಡುಕುತ್ತೇನೆ. ಇಂದಿನವರೆಗೆ ಸಿಕ್ಕಿಲ್ಲ.

ಖರ್ಚು ಕೇಳುವವರಿಗೆ: ಎಂಜಿನ್ನಿನ ಬೆಲೆ ಕಿಟ್ಟಿನ ಬೆಲೆಗೆ ಹತ್ತಿರ ಹತ್ತಿರ ಸಮ. ಅದರ ಮೇಲೆ ಸಾಗಣೆ, ಸುಂಕ, ಉಪಕರಣ. ಕಿಟ್ ಮಾತ್ರ ಲೆಕ್ಕ ಹಾಕಿ ಹೊರಟವರು ಅರ್ಧದಾರಿಯಲ್ಲಿ ನಿಲ್ಲುತ್ತಾರೆ. ಮಳೆಗಾಲದಲ್ಲಿ ಎರೆಮಣ್ಣು ಗಾಲಿಗೆ ಮೆತ್ತಿ ಬ್ರೇಕಿನವರೆಗೆ ಗಟ್ಟಿಯಾಗುತ್ತದೆ; ಆ ತಿಂಗಳುಗಳಲ್ಲಿ ನಾನು ಹಾರುವುದೇ ಇಲ್ಲ. ಬೇಸಿಗೆಯಲ್ಲಿ ಬೆಳಗಿನ ಆರರಿಂದ ಎಂಟೂವರೆ. ದಸರೆಯಿಂದ ಸಂಕ್ರಾಂತಿಯವರೆಗೆ ಇಡೀ ದಿನ ನಿಮ್ಮದು.

ಎಂಜಿನ್ನಿನ ರಬ್ಬರ್ ಕೊಳವೆಗಳನ್ನೆಲ್ಲ ಐದು ವರ್ಷಕ್ಕೊಮ್ಮೆ ಬದಲಿಸಬೇಕೆಂಬುದು ತಯಾರಕರ ನಿಯಮ. ನನ್ನವು ಈ ವರ್ಷ ಬದಲಾಗಬೇಕು. ಮೊನ್ನೆ ಹೊದಿಕೆ ಬಿಚ್ಚಿ ಒಂದೊಂದನ್ನೇ ಬಗ್ಗಿಸಿ ನೋಡಿದೆ. ಎಲ್ಲವೂ ಮೆತ್ತಗಿವೆ, ಒಂದನ್ನು ಬಿಟ್ಟು: ಮೊದಲ ಬೇಸಿಗೆಯಲ್ಲಿ ಎಕ್ಸಾಸ್ಟಿನ ಪಕ್ಕ ಬೆಂದಿದ್ದ ತುಂಡು. ಸರಿಸುವಾಗಲೇ ಅದನ್ನು ಹೊಸದು ಮಾಡಬೇಕಿತ್ತು. ಹೊರಗೆ ಏನೂ ಕಾಣುವುದಿಲ್ಲ, ಬಗ್ಗಿಸಿದರೆ ಉಗುರಿನ ಗೀರಿನಂತಹ ಬಿರುಕುಗಳು ಬಾಯಿ ತೆರೆಯುತ್ತವೆ. ಹೊಸ ಕೊಳವೆಗಳು ಬರುವವರೆಗೆ ವಿಮಾನ ಶೆಡ್ಡಿನಲ್ಲೇ ಇರುತ್ತದೆ, ಪ್ರೊಪೆಲ್ಲರಿಗೆ ಕೆಂಪು ಬಟ್ಟೆ ಕಟ್ಟಿದ್ದೇನೆ.