ಹಬ್‌ನೊಳಗೆ ಎಂಟು ಗೇರು: ನಾಲ್ಕೂವರೆ ವರ್ಷ ತುಳಿದ ಮೇಲೆ

ನಮ್ಮ ಭಾವ ನೆದರ್‌ಲ್ಯಾಂಡ್ಸ್‌ನಿಂದ ವಾಪಸ್ ಬರುವಾಗ ಮನೆ ಸಾಮಾನಿನ ಜೊತೆ ಒಂದು ಸೈಕಲ್ಲೂ ತಂದಿದ್ದರು. ಬೆಂಗಳೂರಿನ ಟ್ರಾಫಿಕ್ ನೋಡಿ ಅವರು ಅದನ್ನು ಮುಟ್ಟಲಿಲ್ಲ, ನನಗೆ ದಾಟಿಸಿದರು. ಹಿಂದಿನ ಚಕ್ರದಲ್ಲಿ ಶಿಮಾನೊ ಕಂಪನಿಯ ನೆಕ್ಸಸ್ 8 ಹಬ್. ಹಬ್ ಅಂದರೆ ಸ್ಪೋಕ್ ಕಡ್ಡಿಗಳೆಲ್ಲ ಬಂದು ಸೇರುವ ಚಕ್ರದ ನಡುಭಾಗ. ಎಂಟು ಗೇರೂ ಹಬ್‌ನ ಒಳಗೇ. ಹೊರಗೆ ನೋಡಿದರೆ ಒಂದೇ ಒಂದು ಸ್ಪ್ರಾಕೆಟ್ (ಚೈನು ಕೂರುವ ಹಲ್ಲಿನ ಗಾಲಿ), ಒಂದು ಚೈನು.

ಪಕ್ಕದ ಮನೆ ಅಂಕಲ್ ಮೊದಲ ದಿನವೇ ಬಗ್ಗಿ ನೋಡಿ ಕೇಳಿದರು, "ಏನಪ್ಪಾ, ಗೇರ್ ಸೈಕಲ್ ಅಂತೀಯ, ಗೇರೇ ಕಾಣಲ್ವಲ್ಲ?"

"ಹೊಟ್ಟೆಯೊಳಗಿದೆ ಅಂಕಲ್."

ಹನುಮಂತನಗರದ ಮನೆಯಿಂದ ರಿಚ್ಮಂಡ್ ಸರ್ಕಲ್ ಹತ್ತಿರದ ಆಫೀಸಿಗೆ ದಿನಾ ಹೋಗಿಬರುವುದು ಇದರಲ್ಲೇ. ಮೀಟರು 11,000 ಕಿ.ಮೀ. ದಾಟಿದೆ. ನನಗೆ ಇದು ಇಷ್ಟವಾಗಿರುವುದು ಸಿಗ್ನಲ್‌ಗಳಿಂದಾಗಿ. ಮಾಮೂಲಿ ಗೇರ್ ಸೈಕಲ್‌ನಲ್ಲಿ ಪೆಡಲ್ ತುಳಿಯುತ್ತಾ ಇದ್ದರೆ ಮಾತ್ರ ಗೇರ್ ಬದಲಾಗುತ್ತದೆ. ಇದರಲ್ಲಿ ನಿಂತಲ್ಲೇ ಹ್ಯಾಂಡಲ್ ಮೇಲಿನ ಗೇರ್ ಹಿಡಿಕೆ ತಿರುಗಿಸಿದರೆ ಸಾಕು. ಮಿನರ್ವ ಸರ್ಕಲ್‌ನಲ್ಲಿ ಬಸ್ಸು ಎದುರಿಗೆ ಗಕ್ಕನೆ ನಿಂತರೆ ಏಳನೇ ಗೇರಲ್ಲಿ ಸಿಕ್ಕಿಹಾಕಿಕೊಳ್ಳುವ ಭಯ ಇಲ್ಲ. ನಿಂತುಕೊಂಡೇ ಎರಡಕ್ಕೆ ಇಳಿಸಿ, ಹಸಿರು ಬಂದಾಗ ಹಗುರವಾಗಿ ಹೊರಡಬಹುದು.

ಐದನೇ ಗೇರು ನೇರ. ಸ್ಪ್ರಾಕೆಟ್ ಒಂದು ಸುತ್ತು ಸುತ್ತಿದರೆ ಚಕ್ರವೂ ಒಂದೇ ಸುತ್ತು. ಒಂದನೇ ಗೇರಲ್ಲಿ ಅದು 0.527 ಸುತ್ತು, ಎಂಟರಲ್ಲಿ 1.615. ಅಂದ್ರೆ ಮೂರು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಅಂತರ. ಊರೊಳಗೆ ಇದು ಧಾರಾಳ ಸಾಕು. ನಮ್ಮ ಏರಿಯಾದ ದಿಬ್ಬಗಳಿಗೆ ಮಾತ್ರ ಮೊದಮೊದಲು ಏದುಸಿರು ಬರುತ್ತಿತ್ತು. ಹಿಂದಿನ 18 ಹಲ್ಲಿನ ಸ್ಪ್ರಾಕೆಟ್ ತೆಗೆದು 20 ಹಲ್ಲಿನದು ಹಾಕಿದೆ, ಚೈನು ಸ್ವಲ್ಪ ಉದ್ದ ಮಾಡಿದೆ, ಸರಿಹೋಯಿತು.

ಈಗ ಕಷ್ಟದ ಕತೆ. ಎರಡನೇ ವರ್ಷ ಒಂದು ಪಂಕ್ಚರ್ ಆಯಿತು. ಅಂಗಡಿಯ ಹುಡುಗ ಚಕ್ರ ಬಿಚ್ಚಿ, ಪ್ಯಾಚ್ ಹಾಕಿ, ಮತ್ತೆ ಕೂರಿಸಿಕೊಟ್ಟ. ಮಾರನೇ ದಿನದಿಂದ ಆರನೇ ಗೇರಲ್ಲಿ ಜೋರಾಗಿ ತುಳಿದರೆ ಕಟಕ್ ಅಂತ ಪೆಡಲ್ ಜಾರತೊಡಗಿತು. ಒಂದು ದೊಡ್ಡ ಶೋರೂಮಿಗೆ ಒಯ್ದೆ. ಎರಡು ನಿಮಿಷ ನೋಡಿ "ಹಬ್ ಹೋಗಿದೆ ಸರ್, ವೀಲೇ ಚೇಂಜ್ ಮಾಡಿಸ್ಬೇಕು" ಅಂದರು. ಅವರು ಹೇಳಿದ ರೇಟಿಗೆ ಒಂದು ಹೊಸ ಸೈಕಲ್ಲೇ ಬರುತ್ತಿತ್ತು.

ಹಬ್‌ಗೆ ಏನೂ ಆಗಿರಲಿಲ್ಲ. ಅಚ್ಚಿನ ಎರಡೂ ಕಡೆ ನಟ್ಟಿನ ಕೆಳಗೆ ಒಂದೊಂದು ವಾಷರ್ ಇರುತ್ತದೆ. ಅಚ್ಚು ತಿರುಗದಂತೆ ಹಿಡಿದಿಡುವುದೇ ಅದರ ಕೆಲಸ. ಎಡಕ್ಕೆ ಬೇರೆ, ಬಲಕ್ಕೆ ಬೇರೆ, ಬಣ್ಣವೂ ಬೇರೆ. ಹುಡುಗ ಅದಲುಬದಲು ಮಾಡಿದ್ದ. ಜೊತೆಗೆ ಕೇಬಲ್ಲಿನ ಹೊರಕವಚ ಅದರ ಗೂಡಿನಲ್ಲಿ ಪೂರ್ತಿ ಕೂತಿರಲಿಲ್ಲ. ಅವನದೇನು ತಪ್ಪು ಬಿಡಿ, ಇಂಥ ಹಬ್ ಅವನು ನೋಡಿಯೇ ಇರಲಿಲ್ಲ. ಶೋರೂಮಿನವರ ಮೇಲೆ ಮಾತ್ರ ಇನ್ನೂ ಸಿಟ್ಟಿದೆ.

ಅಂದಿನಿಂದ ಅಡ್ಜಸ್ಟ್‌ಮೆಂಟ್ ನಾನೇ ಮಾಡಿಕೊಳ್ಳುತ್ತೇನೆ. ಹಿಡಿಕೆಯನ್ನು ನಾಲ್ಕನೇ ಗೇರಿಗೆ ತರಬೇಕು. ಹಬ್‌ನ ಬಲಗಡೆ ಕೇಬಲ್ ಸುತ್ತಿಕೊಳ್ಳುವ ರಾಟೆ ಇದೆಯಲ್ಲ, ಅದರ ಮೇಲೊಂದು ಹಳದಿ ಗೆರೆ, ಪಕ್ಕದ ಬ್ರಾಕೆಟ್ ಮೇಲೊಂದು ಹಳದಿ ಗೆರೆ. ಎರಡೂ ಎದುರುಬದುರು ಬಂದರೆ ಗೇರ್ ಸರಿ ಇದೆ ಅಂತ. ಇಲ್ಲದಿದ್ದರೆ ಹಿಡಿಕೆಯ ಹತ್ತಿರದ ಚಿಕ್ಕ ತಿರುಪನ್ನು ಅರ್ಧ ಸುತ್ತು ತಿರುಗಿಸಿ, ಒಂದನೇ ಗೇರಿಗೆ ಇಳಿಸಿ, ಮತ್ತೆ ನಾಲ್ಕಕ್ಕೆ ತಂದು ನೋಡಬೇಕು. ಗೆರೆಗಳ ಮೇಲೆ ಚೈನಿನ ಎಣ್ಣೆ, ರಸ್ತೆಯ ಧೂಳು ಸೇರಿ ಕಪ್ಪು ಮೆತ್ತಿಕೊಂಡಿರುತ್ತದೆ. ಹಳೇ ಟೂತ್ ಬ್ರಷ್‌ನಿಂದ ಉಜ್ಜಿ, ಮೊಬೈಲ್ ಟಾರ್ಚ್ ಹಿಡಿದರೆ ಕಾಣುತ್ತದೆ. ಐದು ನಿಮಿಷದ ಕೆಲಸ. ಹೊಸ ಕೇಬಲ್ ಹಾಕಿದ ಮೊದಲ ಎರಡು ವಾರ ಅದು ಹಿಗ್ಗುತ್ತದೆ, ಆಗ ಎರಡು ಮೂರು ಸಲ ಮಾಡಬೇಕಾಗುತ್ತದೆ. ಆಮೇಲೆ ತಿಂಗಳುಗಟ್ಟಲೆ ಅತ್ತ ನೋಡುವುದೇ ಬೇಡ.

ಒಳಗಿನ ಎಣ್ಣೆಯ ವಿಷಯ. ಎರಡು ವರ್ಷಕ್ಕೊಮ್ಮೆ, ಜಾಸ್ತಿ ಓಡಿಸುವವರು 5,000 ಕಿ.ಮೀ.ಗೊಮ್ಮೆ ಮಾಡಿಸಿ ಅನ್ನುತ್ತದೆ ಕಂಪನಿ. ನಮ್ಮ ಕಡೆ ಓವರಾಯಿಲಿಂಗ್ ಅಂತೀವಲ್ಲ, ಹಾಗೇ. ಆದರೆ ಬೇರಿಂಗ್ ಗೋಲಿಗಳನ್ನೆಲ್ಲ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆಯುವುದಿಲ್ಲ. ಬ್ರೇಕು, ಸ್ಪ್ರಾಕೆಟ್, ಎಡಗಡೆಯ ಕೋನ್ (ಗೋಲಿಗಳನ್ನು ಒತ್ತಿ ಹಿಡಿಯುವ ನಟ್ಟು) ತೆಗೆದರೆ ಒಳಗಿನ ಗೇರ್ ಗುಚ್ಛ ಬಲಗಡೆಯಿಂದ ಇಡಿಯಾಗಿ ಹೊರಬರುತ್ತದೆ. ಅದನ್ನು ಕಂಪನಿಯ ಎಣ್ಣೆಯಲ್ಲಿ 90 ಸೆಕೆಂಡು ಅದ್ದಿ, ಎತ್ತಿ 60 ಸೆಕೆಂಡು ಸೋರಲು ಬಿಡಬೇಕು. ನಾನು ಮೇಲ್ಭಾಗ ಕತ್ತರಿಸಿದ ಹಳೇ ಪ್ಲಾಸ್ಟಿಕ್ ಕ್ಯಾನ್ ಬಳಸಿದೆ. ಮೊದಲ ಸಲ ಹೊರತೆಗೆದಾಗ ಹಳೇ ಗ್ರೀಸು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು, ಒಂದು ಅಂಚಿನಲ್ಲಿ ತುಕ್ಕಿನ ಎಳೆಯೂ ಇತ್ತು. ತಪ್ಪು ನನ್ನದೇ. ಮಳೆಗಾಲದ ಕೆಸರು ಹೋಗಲಿ ಅಂತ ವಾಟರ್ ಸರ್ವಿಸ್‌ನ ಪೈಪು ಹಬ್‌ಗೇ ಹಿಡಿಸಿದ್ದೆ. ಅದೊಂದು ಮಾಡಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಕೋನ್ ವಾಪಸ್ ಕೂರಿಸುವುದು ಸ್ವಲ್ಪ ನಾಜೂಕು. ಬಿಗಿಯಾದರೆ ಚಕ್ರ ಹಿಡಿಯುತ್ತದೆ, ಸಡಿಲವಾದರೆ ಅಲ್ಲಾಡುತ್ತದೆ. ನನಗೆ ಆ ಭಾನುವಾರ ಪೂರ್ತಿ ಹಿಡಿಯಿತು.

ಭಾರ ಜಾಸ್ತಿ. ಸೈಕಲ್ ಹೊತ್ತು ಮೆಟ್ಟಿಲು ಹತ್ತುವವರಿಗೆ ಇದು ಬೇಡ. ಬಿಡಿಭಾಗ ಸುಲಭಕ್ಕೆ ಸಿಗುವುದಿಲ್ಲ. ಸ್ಪ್ರಾಕೆಟ್ಟನ್ನೂ ಎಣ್ಣೆಯನ್ನೂ ಭಾವನ ಸ್ನೇಹಿತರ ಕೈಲಿ ತರಿಸಿಕೊಂಡೆ. ಪಂಕ್ಚರ್ ಆದರೆ ಈಗಲೂ ತಲೆನೋವೇ. ಅದಕ್ಕೆ ಚಕ್ರ ಬಿಚ್ಚುವುದನ್ನೇ ಬಿಟ್ಟಿದ್ದೇನೆ. ಟೈರನ್ನು ಒಂದು ಕಡೆಯಿಂದ ಎಬ್ಬಿಸಿ, ಟ್ಯೂಬ್ ಎಳೆದು, ಅಲ್ಲೇ ಪ್ಯಾಚ್ ಹಾಕಿಸುತ್ತೇನೆ. ಬಿಚ್ಚಲೇಬೇಕಾದರೆ 15ರ ಸ್ಪಾನರ್ ಮತ್ತು 2 ಎಂಎಂ ಅಲೆನ್ ಕೀ ಬ್ಯಾಗಿನಲ್ಲಿರುತ್ತವೆ. ಕೀಯನ್ನು ರಾಟೆಯ ತೂತಿಗೆ ತೂರಿಸಿ ತಿರುಗಿಸಿದರೆ ಕೇಬಲ್ ಸಡಿಲವಾಗಿ ಕೈಗೆ ಬರುತ್ತದೆ. ಕೀ ಮರೆತ ದಿನ ಒಂದು ಸ್ಪೋಕ್ ಕಡ್ಡಿಯಲ್ಲೂ ಕೆಲಸ ಆಗಿದೆ. ಬಿಚ್ಚುವ ಮುಂಚೆ ಎರಡೂ ಕಡೆಯ ವಾಷರ್ ಫೋಟೋ ತೆಗೆದುಕೊಳ್ಳುತ್ತೇನೆ.